ಅಂಗಡಿಯ ಬೀಫ್ ಹಾಟ್‌ಡಾಗ್‌ಗಳಲ್ಲಿ ಯಾವುದು ರುಚಿ? ಹೆಸರು ಮುಚ್ಚಿಟ್ಟು ತಿಂದು ನೋಡಿ

ಪ್ರಶ್ನೆ (ನ್ಯೂಜೆರ್ಸಿಯಿಂದ): ಅಕ್ಕಾ, ನಮಸ್ಕಾರ. ಜುಲೈ 4ಕ್ಕೆ ನಮ್ಮ ಮನೆ ಹಿತ್ತಲಲ್ಲಿ ಗ್ರಿಲ್ ಹಚ್ಚುತ್ತಿದ್ದೇವೆ. ಹದಿನೈದು ಜನ ಬರುತ್ತಾರೆ. ಅಂಗಡಿಗೆ ಹೋದರೆ ಬೀಫ್ ಹಾಟ್‌ಡಾಗ್ ಒಂದರಲ್ಲೇ ಎಷ್ಟೊಂದು ಥರ! ನೇಥನ್ಸ್, ಹೀಬ್ರೂ ನ್ಯಾಷನಲ್, ಬಾಲ್ ಪಾರ್ಕ್, ಆಸ್ಕರ್ ಮೇಯರ್, ಜೊತೆಗೆ ಅಂಗಡಿಯವರದೇ ಹೆಸರಿನದು. ನಮ್ಮ ಯಜಮಾನರಿಗೆ ನೇಥನ್ಸ್ ಬಿಟ್ಟು ಬೇರೆ ಬೇಡ. ನನಗೆ ಎಲ್ಲಾ ಒಂದೇ ಥರ ಅನ್ನಿಸುತ್ತೆ. ಮನೆಯಲ್ಲೇ ರುಚಿ ನೋಡಿ ಒಂದನ್ನು ಆರಿಸೋಣ ಅಂದುಕೊಂಡಿದ್ದೇನೆ. ನೀವು ಇದೇ ಕೆಲಸದಲ್ಲಿ ಇದ್ದವರು, ಹೇಗೆ ಮಾಡಬೇಕು ಹೇಳ್ತೀರಾ?

ಉತ್ತರ: ಒಳ್ಳೆಯ ಯೋಚನೆ. ಶಿಕಾಗೋ ಹತ್ತಿರದ ಒಂದು ಸಾಸೇಜ್ ಕಾರ್ಖಾನೆಯ ರುಚಿ ನೋಡುವ ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಮಾಡುತ್ತಿದ್ದುದನ್ನು ಮನೆಗೆ ತಕ್ಕಂತೆ ಹೇಳುತ್ತೇನೆ.

ಮೊದಲು ಪ್ಯಾಕ್‌ಗಳನ್ನು ಬಚ್ಚಿಡಿ. ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಕೋನಿ ಐಲೆಂಡ್‌ನಲ್ಲಿ ಅಂಗಡಿ ತೆಗೆದು, ಬೇರೆಯವರು ಹತ್ತು ಸೆಂಟಿಗೆ ಮಾರುತ್ತಿದ್ದುದನ್ನು ಐದು ಸೆಂಟಿಗೆ ಕೊಟ್ಟವರು. ಅಷ್ಟು ಹಳೆಯ ಹೆಸರು ಕಣ್ಣಿಗೆ ಬಿದ್ದರೆ ಬಾಯಿಗಿಂತ ಮೊದಲು ಮನಸ್ಸು ಅಂಕ ಕೊಟ್ಟುಬಿಡುತ್ತೆ. ನನಗೂ ಹಾಗೇ ಆಗುತ್ತೆ, ನಿಮ್ಮ ಯಜಮಾನರದೇನೂ ತಪ್ಪಿಲ್ಲ. ಬೇಯಿಸಿ ಬಡಿಸುವವರು ಒಬ್ಬರೇ ಇರಲಿ, ಅವರು ರುಚಿಗೆ ಕೂರುವುದು ಬೇಡ. ಒಂದೊಂದು ಥರಕ್ಕೂ ಮೂರಂಕಿಯ ಸಂಖ್ಯೆ ಕೊಡಿ: 417, 862, 395, ಹೀಗೆ. 1, 2, 3 ಅಂತ ಬರೆದರೆ 1 ಅನ್ನೋದೇ ಮೇಲಿನದು ಅನ್ನಿಸಿಬಿಡುತ್ತೆ.

ಒಂದು ಸಲಕ್ಕೆ ಐದಾರು ತಟ್ಟೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಉಪ್ಪು ಮತ್ತು ಬೆಳ್ಳುಳ್ಳಿಗೆ ನಾಲಿಗೆ ಸೋತುಹೋಗುತ್ತೆ. ಹಸಿದ ಬಾಯಿಗೆ ಬೀಳುವ ಮೊದಲ ತುಂಡಿಗೆ ಸಾಮಾನ್ಯವಾಗಿ ಅಂಕ ಕೊಂಚ ಹೆಚ್ಚು ಸಿಗುತ್ತೆ, ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಡಿ. ನಡುನಡುವೆ ನೀರು, ಉಪ್ಪಿಲ್ಲದ ಬಿಸ್ಕತ್ತು. ಬನ್, ಮಸ್ಟರ್ಡ್, ಕೆಚಪ್ ಮೊದಲ ಸುತ್ತಿಗೆ ಬೇಡವೇ ಬೇಡ.

ಇನ್ನೊಂದು ಕೆಲಸ ಮಾಡಿ: ಒಂದೇ ಹಾಟ್‌ಡಾಗನ್ನು ಎರಡು ಸಂಖ್ಯೆಯಲ್ಲಿ ಇಡಿ, ಯಾರಿಗೂ ಹೇಳಬೇಡಿ. ಅದಕ್ಕೆ ಒಬ್ಬರೇ ಎರಡು ದೂರದೂರದ ಅಂಕ ಕೊಟ್ಟರೆ, ಆ ಸುತ್ತಿನಲ್ಲಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತೆ.

ಬೇಯಿಸುವುದರಲ್ಲೇ ಅರ್ಧ ಪರೀಕ್ಷೆ ಇದೆ. ಎಲ್ಲವನ್ನೂ ನೀರಿನಲ್ಲಿ ಒಂದೇ ಥರ ಬೇಯಿಸಿ. ನೀರು ಕೊತಕೊತ ಕುದಿಯಬಾರದು, ಮೈ ಬಿರಿದು ರಸವೆಲ್ಲ ನೀರಿಗೆ ಹೋಗುತ್ತೆ. ಸಣ್ಣ ಗುಳ್ಳೆ ಏಳುವಷ್ಟು ಬಿಸಿಯಲ್ಲಿ ಐದಾರು ನಿಮಿಷ ಬಿಡಿ. ಎರಡು ತುದಿ ಕತ್ತರಿಸಿ ತೆಗೆದಿಟ್ಟು ನಡುವಿನ ಭಾಗ ಮಾತ್ರ ಕೊಡಿ. ಬಿಸಿಬಿಸಿಯಾಗಿಯೇ ಕೊಡಿ. ಯಾಕೆ ಅಂತ ನೋಡಬೇಕಾದರೆ ಒಂದು ತುಂಡನ್ನು ಹತ್ತು ನಿಮಿಷ ತಟ್ಟೆಯಲ್ಲಿ ಬಿಟ್ಟು ತಿನ್ನಿ. ಅಂಗುಳಕ್ಕೆ ಮೇಣ ಹಚ್ಚಿದ ಹಾಗಾಗುತ್ತೆ. ಬೀಫ್ ಕೊಬ್ಬು ಕರಗೋದಕ್ಕೆ ನಮ್ಮ ಬಾಯಿಯ ಬಿಸಿ ಸಾಲದು, ಪೋರ್ಕ್ ಕೊಬ್ಬಿಗಿಂತ ಹೆಚ್ಚು ಬಿಸಿ ಬೇಕು. ಬಿಸಿಯಲ್ಲಿ ಗೆದ್ದದ್ದೇ ತಣ್ಣಗಾದ ಮೇಲೆ ಕೊನೆಗೆ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎಲ್ಲಾ ಒಂದೇ ಥರ ಅಂದಿರಲ್ಲ, ಅದನ್ನೂ ಪರೀಕ್ಷೆ ಮಾಡಬಹುದು. ಮೂರು ತುಂಡು ಇಡಿಸಿಕೊಳ್ಳಿ. ಎರಡು ಒಂದೇ ಪ್ಯಾಕಿನವು, ಒಂದು ಬೇರೆ. ಬೇರೆಯದು ಯಾವುದು ಅಂತ ಹೇಳಿ. ಸುಮ್ನೆ ಊಹೆ ಮಾಡಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತೆ, ಅದಕ್ಕೆ ಹನ್ನೆರಡು ಸಲ ಮಾಡಿ. ಎಂಟು ಅಥವಾ ಜಾಸ್ತಿ ಸರಿಯಾದರೆ ನಿಮ್ಮ ನಾಲಿಗೆಗೆ ವ್ಯತ್ಯಾಸ ನಿಜವಾಗಿ ಸಿಗುತ್ತಿದೆ.

ಪ್ರಶ್ನೆ (ಅಟ್ಲಾಂಟಾದಿಂದ): ಮೇಡಂ, ಕಚ್ಚಿದಾಗ ಪಟ್ ಅನ್ನುತ್ತಲ್ಲ, ಅದು ಕೆಲವದರಲ್ಲಿ ಮಾತ್ರ ಯಾಕೆ? ಮಾಂಸ ಚೆನ್ನಾಗಿರೋದಕ್ಕಾ?

ಉತ್ತರ: ಆ ಸದ್ದು ಬರುವುದು ಮೇಲಿನ ಪೊರೆಯಿಂದ. ಒಳಗಿನದು ನಮ್ಮ ರುಬ್ಬಿದ ಹಿಟ್ಟಿನ ಹಾಗೇನೇ. ಮಾಂಸ, ಕೊಬ್ಬು, ಉಪ್ಪು, ಮಸಾಲೆ ಎಲ್ಲ ಸೇರಿಸಿ ನುಣ್ಣಗೆ ಅರೆಯುತ್ತಾರೆ. ಉದ್ದು ರುಬ್ಬುವಾಗ ಮಿಕ್ಸಿ ಬಿಸಿಯಾಗದಿರಲಿ ಅಂತ ತಣ್ಣೀರು ಹಾಕ್ತೀವಲ್ಲ, ಅಲ್ಲಿ ನೀರಿನ ಬದಲು ಮಂಜುಗಡ್ಡೆ. ಬಿಸಿಯೇರಿದರೆ ಕೊಬ್ಬು ಬೇರೆಯಾಗಿ ಬಿಡುತ್ತೆ, ಬೆಂದಾಗ ಮೈಮೇಲೆ ಎಣ್ಣೆ ಕೂರುತ್ತೆ. ಅಮೆರಿಕದ ನಿಯಮದಂತೆ ಕೊಬ್ಬು ನೂರಕ್ಕೆ 30 ದಾಟಬಾರದು, ಕೊಬ್ಬು ಮತ್ತು ಸೇರಿಸಿದ ನೀರು ಎರಡೂ ಸೇರಿ 40 ದಾಟಬಾರದು. ಒಂದು ರಸ ತುಂಬಿ, ಇನ್ನೊಂದು ರಬ್ಬರ್ ಥರ ಇರೋದಕ್ಕೆ ಇದರೊಳಗಿನ ಅಳತೆಯೂ ಒಂದು ಕಾರಣ.

ಈ ಹಿಟ್ಟನ್ನು ಕುರಿಯ ಕರುಳಿನ ಪೊರೆಯಲ್ಲಿ ತುಂಬಿದರೆ ಕಚ್ಚಿದಾಗ ಪಟ್ ಅನ್ನುತ್ತೆ. ಪ್ಯಾಕ್ ಮೇಲೆ ‘ಸ್ಕಿನ್‌ಲೆಸ್’ ಅಂತಿದ್ದರೆ ಅದನ್ನು ಸೆಲ್ಯುಲೋಸ್, ಅಂದರೆ ಸಸ್ಯದ ನಾರಿನ ಕೊಳವೆಯಲ್ಲಿ ಬೇಯಿಸಿ, ಆಮೇಲೆ ಕೊಳವೆ ಸುಲಿದು ತೆಗೆದಿರುತ್ತಾರೆ. ಕಚ್ಚಿದರೆ ಮೆತ್ತಗೆ. ನೇಥನ್ಸ್‌ನಲ್ಲೂ ಬೋರ್ಸ್ ಹೆಡ್ ಅನ್ನೋ ಇನ್ನೊಂದು ಬ್ರ್ಯಾಂಡಿನಲ್ಲೂ ಎರಡು ಬಗೆಯೂ ಸಿಗುತ್ತೆ. ಒಂದೇ ಹೆಸರಿನ ಎರಡನ್ನೂ ತಂದು ಪಕ್ಕಪಕ್ಕ ತಿನ್ನಿ, ಪೊರೆ ಏನು ಮಾಡುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ನನಗೆ ಪೊರೆ ಇರೋದೇ ಇಷ್ಟ. ಕಚ್ಚಿದ ಕೂಡಲೇ ಬಿಸಿ ರಸ ಚಿಮ್ಮುವುದು ಬೇರೆಯದರಲ್ಲಿ ಸಿಗೋದಿಲ್ಲ. ಇಬ್ಬರು ಎರಡು ಬೇರೆ ಬಗೆ ತಿಂದು ಬ್ರ್ಯಾಂಡಿನ ಬಗ್ಗೆ ಜಗಳ ಆಡೋದನ್ನು ತುಂಬಾ ನೋಡಿದ್ದೇನೆ. ಅವರು ಜಗಳ ಆಡುತ್ತಿರುವುದು ಪೊರೆಯ ಬಗ್ಗೆ.

ಪ್ರಶ್ನೆ (ಹೂಸ್ಟನ್‌ನಿಂದ, ಊರು ಹುಬ್ಬಳ್ಳಿ): ಅಕ್ಕಾ, ನಾವು ಹಲಾಲ್ ಮಾತ್ರ ತಿನ್ನೋರು. ಬೀಫ್ ಅಂತ ಬರೆದಿದ್ದರೂ ಪೊರೆ ಹಂದಿಯದಿರಬಹುದಾ? ಕೋಷರ್ (ಯಹೂದಿಗಳ ಕ್ರಮದಂತೆ ಮಾಡಿದ್ದು) ತಗೊಂಡರೆ ನಡೆಯುತ್ತಾ?

ಉತ್ತರ: ಪೊರೆ ಬೇರೆ ಪ್ರಾಣಿಯದಾಗಿದ್ದರೆ ಯಾವ ಪ್ರಾಣಿಯದು ಅಂತ ಪ್ಯಾಕ್ ಮೇಲೆ ಬರೆಯಲೇಬೇಕು, ಅದು ನಿಯಮ. ಸಣ್ಣ ಅಕ್ಷರದಲ್ಲಿರುತ್ತೆ, ತಿರುಗಿಸಿ ಓದಿ. ಸ್ಕಿನ್‌ಲೆಸ್‌ನಲ್ಲಿ ಆ ಚಿಂತೆ ಇಲ್ಲ. ಕೋಷರ್ ಮತ್ತು ಹಲಾಲ್ ಒಂದೇ ಅಲ್ಲ, ಕೊಯ್ಯುವಾಗಿನ ಕ್ರಮ, ಪ್ರಾರ್ಥನೆ ಬೇರೆ. ಕೆಲವು ಮನೆಗಳಲ್ಲಿ ಒಪ್ಪುತ್ತಾರೆ, ಕೆಲವರು ಒಪ್ಪೋದಿಲ್ಲ. ಅದನ್ನು ನಿಮ್ಮ ಹಿರಿಯರನ್ನೇ ಕೇಳಿ. ಹಲಾಲ್ ಮುದ್ರೆ ಇರುವ ಬೀಫ್ ಹಾಟ್‌ಡಾಗ್ ಸಿಗುತ್ತೆ, ಅವುಗಳಲ್ಲೇ ಮೂರು ತಂದು ಇದೇ ಪರೀಕ್ಷೆ ಮಾಡಿ.

ಪ್ರಶ್ನೆ (ಸಿಯಾಟಲ್‌ನಿಂದ): ‘ಅನ್‌ಕ್ಯೂರ್ಡ್’ ಅಂತ ಬರೆದದ್ದಕ್ಕೆ ದುಡ್ಡು ಜಾಸ್ತಿ. ರುಚಿಗೂ ಆರೋಗ್ಯಕ್ಕೂ ಒಳ್ಳೇದಾ?

ಉತ್ತರ: ಅದರಲ್ಲಿ ಸಾಮಾನ್ಯವಾಗಿ, ಮಾಂಸ ಕೆಡದಿರಲಿ ಅಂತ ಹಾಕುವ ಸೋಡಿಯಂ ನೈಟ್ರೈಟ್ ಬದಲು ಸೆಲರಿ ಅನ್ನೋ ತರಕಾರಿಯ ಪುಡಿ ಹಾಕಿರುತ್ತಾರೆ. ಸೆಲರಿಯಿಂದ ಬರೋದೂ ನೈಟ್ರೈಟೇ. ಗುಲಾಬಿ ಬಣ್ಣ ಬರೋದೂ ಅದರಿಂದಲೇ. ಹಾಗಾಗಿ ಆರೋಗ್ಯಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದಾಗ ಈ ಎರಡನ್ನೂ ಬೇರೆ ಬೇರೆ ಮಾಡಲಿಲ್ಲ. ಯಾವುದೇ ಆಗಲಿ, ಅಪರೂಪಕ್ಕೆ ತಿನ್ನಿ. ರುಚಿಯಲ್ಲಿ ಕೆಲವು ತುಂಬಾ ಚೆನ್ನಾಗಿವೆ. ಆದರೆ ಬಣ್ಣ ಕೊಂಚ ಮಂಕಾಗಿರುವುದುಂಟು, ಅದನ್ನು ನೋಡಿಯೇ ಜನ ಅಂಕ ಕಡಿಮೆ ಮಾಡುತ್ತಾರೆ. ನಮ್ಮ ಕೋಣೆಯಲ್ಲಿ ಬಣ್ಣ ಕಾಣದಿರಲಿ ಅಂತ ಕೆಂಪು ದೀಪ ಹಾಕುತ್ತಿದ್ದೆವು. ಮನೆಯಲ್ಲಿ ಕಣ್ಣು ಮುಚ್ಚಿಕೊಂಡರೆ ಆಯ್ತು.

ಪ್ರಶ್ನೆ (ಡೆಟ್ರಾಯಿಟ್‌ನಿಂದ): ಪ್ಯಾಕಿನಿಂದ ತೆಗೆದು ಹಾಗೇ ತಿಂದರೆ ಆಗೋದಿಲ್ವಾ? ಬೆಂದದ್ದೇ ಅಲ್ವಾ?

ಉತ್ತರ: ಬೆಂದದ್ದೇ, ಆದರೂ ಬೇಡ. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ ಒಳಗೂ ಬೆಳೆಯುತ್ತೆ. ಬಸುರಿಯರು, ವಯಸ್ಸಾದವರು ಇದ್ದರೆ ಹೊಗೆಯಾಡುವಷ್ಟು, ಅಂದರೆ 74 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿಯೇ ಕೊಡಿ. ಚಿಕ್ಕ ಮಕ್ಕಳಿಗೆ ದುಂಡಗೆ ಕತ್ತರಿಸಬೇಡಿ, ಗಂಟಲಿಗೆ ಸರಿಯಾಗಿ ಕೂತುಬಿಡುತ್ತೆ. ಉದ್ದಕ್ಕೆ ಸೀಳಿ, ಆಮೇಲೆ ಸಣ್ಣದಾಗಿ ಮಾಡಿ.

ನ್ಯೂಜೆರ್ಸಿಯಿಂದ ಮತ್ತೆ: ಅಕ್ಕಾ, ಶನಿವಾರ ಮಾಡಿದೆವು. ಆರು ಜನ ಕೂತಿದ್ದರು. ನೇಥನ್ಸ್ ಅನ್ನೇ 417 ಮತ್ತು 283 ಅಂತ ಎರಡು ಕಡೆ ಇಟ್ಟಿದ್ದೆ. ನಮ್ಮ ಯಜಮಾನರು 417ಕ್ಕೆ ಹತ್ತರಲ್ಲಿ 8 ಕೊಟ್ಟರು, 283ಕ್ಕೆ 5! ಒಟ್ಟು ಲೆಕ್ಕದಲ್ಲಿ ಹೀಬ್ರೂ ನ್ಯಾಷನಲ್ ಮತ್ತು ನೇಥನ್ಸ್ ಮೇಲೆ ಬಂದವು, ಅರ್ಧ ಅಂಕದ ವ್ಯತ್ಯಾಸ. ಯಾವುದು ತರಲಿ?

ಉತ್ತರ: ಅವರಿಗೆ 283 ಎಷ್ಟನೆಯದಾಗಿ ಹೋಯಿತು?

ನ್ಯೂಜೆರ್ಸಿಯಿಂದ: ಕೊನೆಯದು. ಅಷ್ಟೊತ್ತಿಗೆ ಫೋನ್ ಬಂತು, ಮಾತಾಡಿ ಬಂದು ತಿಂದರು.

ಉತ್ತರ: ಹಾಗಾದರೆ ತಣ್ಣಗಾದದ್ದನ್ನು ತಿಂದಿದ್ದಾರೆ. ಅವರ ಆ ಸಾಲನ್ನು ಲೆಕ್ಕದಿಂದ ತೆಗೆಯಿರಿ. ಆರು ಜನರಲ್ಲಿ ಅರ್ಧ ಅಂಕ ಅಂದರೆ ಎರಡೂ ಸಮ ಅಂತಲೇ ಇಟ್ಟುಕೊಳ್ಳಿ. ಈ ಎರಡನ್ನು ಮಾತ್ರ ಗ್ರಿಲ್ ಮೇಲೆ ಇನ್ನೊಂದು ಸಲ ನೋಡಿ, ಯಾಕಂದರೆ ನೀವು ಬಡಿಸೋದು ಗ್ರಿಲ್ ಮಾಡಿ. ನೀರಿನಲ್ಲಿ ಸಮ ಇದ್ದದ್ದು ಕೆಂಡದ ಮೇಲೆ ಸಮ ಇರಬೇಕಾಗಿಲ್ಲ. ಸಕ್ಕರೆ ಅಂಶ ಜಾಸ್ತಿ ಇದ್ದದ್ದು ಬೇಗ ಕಪ್ಪಾಗುತ್ತೆ. ಈ ಸಲ ಬನ್ ಮತ್ತು ಮಸ್ಟರ್ಡ್ ಜೊತೆಗೇ ಕೊಡಿ. ಯಜಮಾನರ ಫೋನ್ ಒಳಗಿಡಿಸಿ. ಹದಿನೈದು ಜನಕ್ಕೆ ಇಪ್ಪತ್ತನಾಲ್ಕು ಇರಲಿ, ಒಂದು ಪ್ಯಾಕಿನಲ್ಲಿ ಎಷ್ಟಿದೆ ಅಂತ ನೋಡಿ ತನ್ನಿ. ಬನ್ ಸಾಮಾನ್ಯವಾಗಿ ಎಂಟೆಂಟು ಬರುತ್ತೆ, ಮೂರು ಪ್ಯಾಕ್ ತಂದರೆ ಲೆಕ್ಕ ಸರಿಹೋಗುತ್ತೆ.