ಕಾರ್ಯದರ್ಶಿಯಾಗಿದ್ದೇನೆ, ಎಲ್ಲಿಂದ ಆರಂಭಿಸಲಿ?

ಶಿರಸಿ, ಸಿವಿಲ್ ಎಂಜಿನಿಯರ್:
ಎಲ್ಲರಿಗೂ ನಮಸ್ಕಾರ. ನಮ್ಮ ಎಂಜಿನಿಯರುಗಳ ಸಂಘಕ್ಕೆ ಕಳೆದ ತಿಂಗಳು ನನ್ನನ್ನು ಕಾರ್ಯದರ್ಶಿಯಾಗಿ ಅವಿರೋಧವಾಗಿ ಆರಿಸಿದರು. ಬೇರೆ ಯಾರೂ ಮುಂದೆ ಬರಲಿಲ್ಲ. ಸದಸ್ಯರು ಎಂಬತ್ತಕ್ಕೂ ಹೆಚ್ಚು, ಸಭೆಗೆ ಬರುವವರು ಹತ್ತು ಹನ್ನೆರಡು. ಒಂಬತ್ತು ವರ್ಷಗಳಿಂದ ನಾಲ್ಕೈದು ಹಿರಿಯರೇ ಹೊಣೆ ಹೊತ್ತು ಸಂಘವನ್ನು ಉಳಿಸಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಆದರೆ ಅವರು ದಣಿದಿದ್ದಾರೆ. ಯಾರಿಗೂ ಸಂಬಳವಿಲ್ಲ, ಎಲ್ಲರಿಗೂ ಸ್ವಂತ ಸೈಟುಗಳ ಓಡಾಟವಿದೆ. ಇಂಥವರಿಂದ ಕೆಲಸ ಮಾಡಿಸುವುದು ಹೇಗೆ? ಅನುಭವವಿದ್ದವರು ತಿಳಿಸಬೇಕು.

ಯಲ್ಲಾಪುರ, ನಿವೃತ್ತ ಪಶುವೈದ್ಯ:
ತಂಗಿ, ಮೊದಲು ದಫ್ತರ ಕೈಗೆ ತೆಗೆದುಕೊ. ನಮ್ಮ ವೃತ್ತಿಸಂಘಕ್ಕೆ ನಾನು ಕಾರ್ಯದರ್ಶಿಯಾದ ವಾರವೇ ಹಿಂದಿನವರು ಒಂದು ಕಬ್ಬಿಣದ ಟ್ರಂಕನ್ನು ನಮ್ಮ ಮನೆಯ ಜಗುಲಿಯಲ್ಲಿ ಇಟ್ಟು ಹೋದರು. ನಡಾವಳಿ ಪುಸ್ತಕದ ಹಾಳೆಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನೂ ನನ್ನ ಹೆಂಡತಿಯೂ ಬಚ್ಚಲ ಒಲೆಯ ಬಿಸಿಗೆ ಹಿಡಿದು ಒಂದೊಂದೇ ಹಾಳೆ ಬಿಡಿಸಿದೆವು. ಓದುತ್ತಾ ಹೋದಂತೆ ಎದೆ ಧಸಕ್ಕೆಂದಿತು. ಮೂರು ವಾರ್ಷಿಕ ಸಭೆಗಳ ನಡಾವಳಿ ಬರೆದಿತ್ತು, ಅಧ್ಯಕ್ಷರ ಸಹಿಯೇ ಇರಲಿಲ್ಲ. ಬ್ಯಾಂಕಿನಲ್ಲಿ ಇನ್ನೂ ಊರು ಬಿಟ್ಟು ಹೋದ ಖಜಾಂಚಿಯ ಸಹಿಯೇ ನಡೆಯುತ್ತಿತ್ತು. ಅದನ್ನು ಬದಲಿಸಲು ಠರಾವಿನ ಪ್ರತಿ, ಹೊಸ ಪದಾಧಿಕಾರಿಗಳ ಪಟ್ಟಿ, ಎಲ್ಲರ ಗುರುತಿನ ದಾಖಲೆ ಎಂದು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಸಭಾಭವನದ ಬಾಡಿಗೆ, ಚಹಾ, ಅವಲಕ್ಕಿಯ ಖರ್ಚು ನನ್ನ ಕಿಸೆಯಿಂದಲೇ ಹೋಯಿತು. ಹಿಂದಿನವರು ಕೆಟ್ಟವರಲ್ಲ. ಹೊಣೆ ದಾಟಿಸುವುದೂ ಒಂದು ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನೀನು ಈಗಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಯಾವ ತಿಂಗಳಲ್ಲಿ ಏನು ಮಾಡಿದೆ, ಯಾರನ್ನು ಕೇಳಿದೆ, ಎಷ್ಟು ಖರ್ಚಾಯಿತು ಎಂದು ಬರೆಯುತ್ತಾ ಹೋಗು. ಮುಂದಿನ ಕಾರ್ಯದರ್ಶಿಗೆ ಕೊಡಬೇಕಾದದ್ದು ಆ ಪುಸ್ತಕ.

ಇನ್ನು ಕೆಲಸ ಮಾಡಿಸುವ ಮಾತು. ಮೊದಲ ವರ್ಷ ನಾನು ಪ್ರತಿ ಸಭೆಯಲ್ಲೂ ‘ಯಾರಾದರೂ ಕೈಜೋಡಿಸಿ’ ಎಂದು ಕೇಳಿಕೊಂಡೆ. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಮುಂದಾಗಲಿಲ್ಲ. ಎರಡನೆಯ ವರ್ಷ ಒಬ್ಬ ಹುಡುಗ ವೈದ್ಯನ ಆಸ್ಪತ್ರೆಗೆ ನಾನೇ ಹೋಗಿ ಕುಳಿತೆ. ‘ವರ್ಷಕ್ಕೆ ಎರಡು ಉಪನ್ಯಾಸ ನಿನ್ನ ಪಾಲಿಗೆ. ವಿಷಯ ನೀನೇ ಆರಿಸು. ಖರ್ಚಿಗೆ ಇಷ್ಟು ಹಣ. ಮಾರ್ಚಿಗೆ ನಿನ್ನ ಹೊಣೆ ಮುಗಿಯಿತು, ಮುಂದುವರಿಸು ಎಂದು ನಾನು ಹಟ ಹಿಡಿಯುವುದಿಲ್ಲ’ ಎಂದೆ. ಅಲ್ಲಿಯೇ ಒಪ್ಪಿದ. ಕಾಲುಬಾಯಿ ರೋಗದ ಲಸಿಕೆಯನ್ನು ಹಳ್ಳಿಯ ಕೊಟ್ಟಿಗೆಯವರೆಗೆ 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಒಯ್ಯುವುದು ಹೇಗೆ ಎಂಬ ವಿಷಯ ಇಟ್ಟುಕೊಂಡ. ಅಂದು ಕುರ್ಚಿ ಸಾಲಲಿಲ್ಲ. ಆಮಂತ್ರಣದಲ್ಲಿ ಒಬ್ಬ ಹಿರಿಯರ ಹೆಸರು ಬಿಟ್ಟುಹೋಗಿತ್ತು. ಮರುಮುದ್ರಿಸಲು ಕೈ ತುರಿಸಿದರೂ ನಾನು ಸುಮ್ಮನಿದ್ದೆ. ಅವನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ನಾನು ನಡುವೆ ಕೈ ಹಾಕಿದ್ದರೆ ಮತ್ತೆಂದೂ ಅವನು ಕೆಲಸ ವಹಿಸಿಕೊಳ್ಳುತ್ತಿರಲಿಲ್ಲ. ಎರಡು ವರ್ಷದ ನಂತರ ಅವನೇ ಕಾರ್ಯದರ್ಶಿಯಾದ.

ಕಾರವಾರ, ವಕೀಲ:
ಕಾನೂನಿನ ಒಂದೆರಡು ಮಾತು. ಶಿರಸಿ ಕಡೆ ಮನೆಗೊಬ್ಬರು ಸಹಕಾರಿ ಸಂಘದ ಸದಸ್ಯರಿರುವುದರಿಂದ ಅಲ್ಲಿಯ ನಿಯಮವೇ ಇಲ್ಲಿಯೂ ಇರಬೇಕು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಸಹಕಾರ ಸಂಘಗಳಿಗೆ 1959ರ ಕಾಯ್ದೆ. ಅಲ್ಲಿ ಆಡಳಿತ ಮಂಡಳಿಯ ಅವಧಿ ಐದು ವರ್ಷ, ಚುನಾವಣೆ ನಡೆಸಲು ಪ್ರತ್ಯೇಕ ಪ್ರಾಧಿಕಾರವಿದೆ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ ನೋಂದಣಿಯಾಗಿದ್ದರೆ ಅವಧಿ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ಚುನಾವಣೆಯ ರೀತಿ ಎಲ್ಲಕ್ಕೂ ನಿಮ್ಮ ಬೈಲಾವೇ, ಅಂದರೆ ಸಂಘದ ನಿಯಮಾವಳಿಯೇ ಆಧಾರ. ನೋಂದಾಯಿತ ಪ್ರತಿಯನ್ನು ತರಿಸಿಕೊಂಡು ಓದಿ. ವಾರ್ಷಿಕ ಸರ್ವಸಾಧಾರಣ ಸಭೆಯಾದ ಹದಿನಾಲ್ಕು ದಿನದೊಳಗೆ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಂಘದೊಳಗೆ ಜಗಳ ಹುಟ್ಟಿದ ದಿನ ಎಲ್ಲರೂ ಮೊದಲು ಕೇಳುವುದು ಇದನ್ನೇ. ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು ಎಂಬುದೂ ನೆನಪಿರಲಿ.

ಕೈಗಾ, ವಿದ್ಯುತ್ ಎಂಜಿನಿಯರ್:
ಹಿರಿಯರು ದಣಿದಿದ್ದಾರೆ ಎಂದಿರಿ, ಅದಕ್ಕೆ ಒಂದು ಮಾತು. 1963ರಲ್ಲಿ ಎರಡು ಸಂಸ್ಥೆಗಳು ಸೇರಿ ಆದ ಐಇಇಇ ಎಂಬ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಜಾಗತಿಕ ಸಂಘದಲ್ಲಿ ಅಧ್ಯಕ್ಷರಾಗುವವರು ಮೊದಲು ಒಂದು ವರ್ಷ ನಿಯೋಜಿತ ಅಧ್ಯಕ್ಷರು, ಮರುವರ್ಷ ಅಧ್ಯಕ್ಷರು, ಅದರ ಮರುವರ್ಷ ನಿಕಟಪೂರ್ವ ಅಧ್ಯಕ್ಷರು. ಕುರ್ಚಿ ಏರುವ ಮೊದಲೇ ಒಂದು ವರ್ಷದ ಸಭೆಗಳನ್ನು ಕಂಡಿರುತ್ತಾರೆ, ಇಳಿದ ಮೇಲೂ ಒಂದು ವರ್ಷ ಬಳಿಯಲ್ಲೇ ಇರುತ್ತಾರೆ. ಎಂಬತ್ತು ಜನರ ಸಂಘಕ್ಕೂ ಇದು ಒಗ್ಗುತ್ತದೆ. ನಿಮ್ಮ ಹಿರಿಯರಿಗೆ ಕುರ್ಚಿ ಬಿಡಿ ಎನ್ನುವ ಬದಲು, ಒಂದು ವರ್ಷ ಪಕ್ಕದಲ್ಲಿ ಕುಳಿತು ಕಲಿಸಿ ಎಂದು ಕೇಳಿ. ನಮ್ಮಲ್ಲಿ ಹಾಗೆ ಕೇಳಿದಾಗ ಒಬ್ಬರ ಕಣ್ಣು ತುಂಬಿ ಬಂದಿತು. ಇಷ್ಟು ವರ್ಷ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಸಿದ್ದಾಪುರ, ಔಷಧ ಅಂಗಡಿಯವರು:
ಮಾರಿಕಾಂಬಾ ಜಾತ್ರೆಯ ವರ್ಷ ಮಾರ್ಚಿನಲ್ಲಿ ಸಭೆ ಕರೆಯಬೇಡಿ. ನಮಗೆ ಕೋರಂ ಆಗದೆ ಸಭೆಯನ್ನೇ ಮುಂದೂಡಬೇಕಾಯಿತು.

ಹೊನ್ನಾವರ, ದಂತವೈದ್ಯೆ:
ಅಕ್ಕಾ, ಸಭೆಗೆ ಯಾರು ಬರುತ್ತಿಲ್ಲ ಎಂದು ಹೆಸರು ಹಿಡಿದು ಪಟ್ಟಿ ಮಾಡಿ ನೋಡಿ. ನಾವು ಮಾಡಿದಾಗ ಬಾರದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ದೂರದ ಊರಿನವರು. ಸಭೆ ರಾತ್ರಿ ಎಂಟಕ್ಕೆ. ಘಟ್ಟದ ಮೇಲಿನವರು ಮಳೆಗಾಲದಲ್ಲಿ ಆ ಹೊತ್ತಿಗೆ ದೇವಿಮನೆ ಘಾಟಿ ಇಳಿದು ಬರಬೇಕು, ಮುಗಿದ ಮೇಲೆ ಮತ್ತೆ ಹತ್ತಬೇಕು. ಯಾರು ಬರುತ್ತಾರೆ ಹೇಳಿ? ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬದಲಿಸಿದೆವು, ಒಮ್ಮೆ ಘಟ್ಟದ ಮೇಲೆ, ಒಮ್ಮೆ ಕೆಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಬೈಲಿನಲ್ಲೇ ವಿಡಿಯೊ ಸಭೆ. ಬರುವವರು ಇಮ್ಮಡಿಯಾದರು.

ಇನ್ನೊಂದು. ಏಳು ವರ್ಷ ನನಗೆ ಸಿಕ್ಕಿದ್ದು ಪ್ರಾರ್ಥನೆ ಮತ್ತು ಸ್ವಾಗತ ಭಾಷಣ. ಕೊನೆಗೆ ಖಜಾಂಚಿಯ ಕೆಲಸ ಕೊಡಿ ಎಂದು ನಾನೇ ಬಾಯಿ ಬಿಟ್ಟು ಕೇಳಿದೆ, ಸಂತೋಷದಿಂದಲೇ ಕೊಟ್ಟರು. ನಿಮ್ಮ ಸಂಘದಲ್ಲೂ ಕೇಳಲು ಸಂಕೋಚಪಡುವವರು ಇದ್ದೇ ಇರುತ್ತಾರೆ. ಸಭೆಯಲ್ಲಿ ಕೇಳಬೇಡಿ. ಅವರ ಕಚೇರಿಗೆ ಹೋಗಿ, ಯಲ್ಲಾಪುರದ ಡಾಕ್ಟರು ಹೇಳಿದ ಹಾಗೆ, ಕುಳಿತು ಕೇಳಿ.