ಅಪ್‌ಡೇಟ್: ಪೋಕರ್‌ನಲ್ಲಿ ಜೋಡಿ ಗುಲಾಮ ಇಟ್ಟುಕೊಂಡು ಎಷ್ಟು ಬೆಟ್ ಮಾಡಲಿ ಅಂತ ಕೇಳಿದ್ದೆನಲ್ಲ

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹೊಸಬರಿಗೆ: ಕೈಯಲ್ಲಿ ಕಪ್ಪು ಗುಲಾಮ ಎರಡು, ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚಿಡುವ ಮೊದಲ ಮೂರು ಎಲೆ) ಆಟೀನ್ 9, ಆಟೀನ್ 6, ಕಳಾವರ್ 4. ಪಾಟ್ (ನಡುವೆ ಸೇರಿದ ಚಿಪ್ಸ್) 600, ನನ್ನ ಹತ್ತಿರ 3000. ಆಲ್ ಇನ್ ಹೋಗಲಾ (ಇರುವುದನ್ನೆಲ್ಲ ಇಡಲಾ), ಸಣ್ಣ ಬೆಟ್ ಸಾಕಾ ಅಂತ ಕೇಳಿದ್ದೆ.

ಕಾರವಾರದಲ್ಲಿ ಗೆಳೆಯನ ಮನೆಯಲ್ಲಿ, ಹೊರಗೆ ಜೋರು ಮಳೆ, ಬರೀ ಪ್ಲಾಸ್ಟಿಕ್ ಚಿಪ್ಸ್ ಇಟ್ಟು ಆಡುವ ಆಟ ನಮ್ಮದು. ಹಣ ಇಲ್ಲ. ಅಂಥದೇ ಎಲೆಗಳನ್ನು ಹಾಸಿ, ನೀವು ಹೇಳಿದ ಹಾಗೆ 450 ಇಟ್ಟು ಆಡಿ ನೋಡಿದೆವು. ಎದುರಿನವನು 1050 (ಪಾಟ್‌ನ 600, ನನ್ನ 450) ಗೆಲ್ಲಲು 450 ಕೊಡಬೇಕು, ಅಂದರೆ ಒಟ್ಟು 1500ರಲ್ಲಿ 450, ಅವನಿಗೆ ಗೆಲ್ಲುವ 30% ಅವಕಾಶವಾದರೂ ಬೇಕು. ಕೈಯಲ್ಲಿ ಎರಡು ಆಟೀನ್ ಇಟ್ಟುಕೊಂಡು ಐದನೆಯದಕ್ಕೆ ಕಾಯುವವನಿಗೆ (ಐದು ಆಟೀನ್ ಸೇರಿದರೆ ಜೋಡಿಗಿಂತ ದೊಡ್ಡ ಕೈ) ಉಳಿದಿರುವುದು 9 ಎಲೆ, ಮುಂದಿನ ಒಂದು ಎಲೆಗೆ ಸುಮಾರು 19% ಅಷ್ಟೇ. ಆಲ್ ಇನ್ ಹೋದರೆ ಚಿಕ್ಕ ಜೋಡಿಯವರೆಲ್ಲ ಎಲೆ ಎಸೆದುಬಿಡುತ್ತಾರೆ, ಕಾಲ್ ಮಾಡುವವರಲ್ಲಿ (ಅಷ್ಟೇ ಚಿಪ್ಸ್ ಇಟ್ಟು ಮುಂದುವರಿಯುವವರಲ್ಲಿ) ನನಗಿಂತ ದೊಡ್ಡ ಕೈ ಇದ್ದವರೇ ಜಾಸ್ತಿ. ಇದು ಈಗ ಸರಿಯಾಗಿ ತಲೆಗೆ ಹೋಯ್ತು.

ಅವನು ಕಾಲ್ ಮಾಡಿದ. ಟರ್ನ್‌ನಲ್ಲಿ (ಮೇಜಿನ ನಾಲ್ಕನೇ ಎಲೆ) ಆಟೀನ್ ರಾಣಿ ಬಿತ್ತು! ಅವನು ತಕ್ಷಣ ದೊಡ್ಡದಾಗಿ ಬೆಟ್ ಮಾಡಿದ, ನಾನು ಗುಲಾಮಗಳನ್ನು ಎಸೆದು ಆ ಕೈ ಬಿಟ್ಟುಕೊಟ್ಟೆ. ಅವನ ಹತ್ತಿರ ಆಟೀನ್ ಎಕ್ಕ ಮತ್ತು 2 ಇತ್ತು. ಎಕ್ಕದ ಜೋಡಿಯೂ ನನ್ನ ಗುಲಾಮಕ್ಕಿಂತ ದೊಡ್ಡದು, ಹಾಗಾಗಿ ಉಳಿದ ಎಕ್ಕಗಳನ್ನೂ ಸೇರಿಸಿದರೆ 12 ಎಲೆ, ಹೆಚ್ಚುಕಡಿಮೆ ಕಾಲು ಭಾಗದ ಅವಕಾಶ, ಆಗಲೂ 30ಕ್ಕೆ ಕಡಿಮೆಯೇ ಅಲ್ವಾ? ಆಟೀನ್ ಬಿದ್ದ ಮೇಲೆ ನನ್ನಿಂದ ಅವನಿಗೆ ಇನ್ನೊಂದು ಚಿಪ್ ಕೂಡ ಸಿಗಲಿಲ್ಲ. ಉಳಿದ 2550 ಹಾಗೇ ಇದೆ. ಮುಂದಿನ ಸಲವೂ 450 ಇಡುತ್ತೇನೆ.