ಹಳೇ ಬಂಗಲೆಯ ಫೈರ್‌ಪ್ಲೇಸ್: ಹೊಗೆಯೆಲ್ಲ ಮನೆಯೊಳಗೇ ಬರುತ್ತಿದೆ, ಏನು ಮಾಡಬೇಕು?

ಮಂಜುಬೆಟ್ಟ (ಪ್ರಶ್ನೆ)

ಮಡಿಕೇರಿ ಹತ್ತಿರ ಕಾಫಿ ತೋಟದೊಳಗಿನ ಒಂದು ಹಳೇ ಬಂಗಲೆಗೆ ಬಾಡಿಗೆಗೆ ಬಂದಿದ್ದೇವೆ. ಹಾಲ್‌ನಲ್ಲಿ ಬ್ರಿಟಿಷರ ಕಾಲದ ಕಲ್ಲಿನ ಫೈರ್‌ಪ್ಲೇಸ್ ಇದೆ. ಅದನ್ನು ಬಳಸಿ ಎಷ್ಟೋ ವರ್ಷ ಆಯಿತು ಅಂತ ತೋಟದ ರೈಟರ್ (ಲೆಕ್ಕ ಬರೆಯುವವರು) ಹೇಳಿದರು. ಮೊನ್ನೆ ರಾತ್ರಿ ಚಳಿ ತಡೆಯೋಕಾಗದೆ ಹಚ್ಚಿದೆವು. ಸ್ವಲ್ಪ ಹೊತ್ತಿಗೇ ಹಾಲ್ ತುಂಬಾ ಹೊಗೆ ತುಂಬಿ ಕಣ್ಣು ಬಿಡೋಕಾಗಲಿಲ್ಲ, ಅಮ್ಮನಿಗೆ ಕೆಮ್ಮು ಹತ್ತಿಕೊಂಡಿತು, ಕೊನೆಗೆ ನೀರು ಸುರಿದು ಆರಿಸಿದೆವು.

ಸೌದೆ ಹಸಿಯಾಗಿತ್ತಾ, ಚಿಮಣಿಯೇ ಸರಿ ಇಲ್ವಾ, ಗೊತ್ತಾಗುತ್ತಿಲ್ಲ. ಸ್ವಲ್ಪ ಸೀಮೆಎಣ್ಣೆ ಹಾಕಿ ಅಂತ ಪಕ್ಕದವರು ಹೇಳುತ್ತಿದ್ದಾರೆ. ಇನ್ನೊಂದು ವಿಷಯ, ಮಲಗುವಾಗ ಕೆಂಡ ಹಾಗೇ ಬಿಡಬಹುದಾ?

ಏಲಕ್ಕಿಮಲೆ

ಮೊದಲನೇ ಮಾತು, ಚಿಮಣಿ ನೋಡುವ ತನಕ ಮತ್ತೆ ಹಚ್ಚಬೇಡಿ. ಸೌದೆ ವಿಷಯ ಆಮೇಲೆ.

ಹಗಲಲ್ಲಿ ಒಂದು ಕನ್ನಡಿ ಹಿಡಿದು ಕೆಳಗಿನಿಂದ ಮೇಲಕ್ಕೆ ನೋಡಿ. ಚಿಮಣಿ ನೆಟ್ಟಗಿದ್ದರೆ ಆಕಾಶ ಕಾಣಬೇಕು. ಕಾಣದಿದ್ದರೆ ನಡುವೆ ಏನೋ ಅಡ್ಡ ಇದೆ. ನಮ್ಮ ಕಡೆ ಹಕ್ಕಿ ಗೂಡು, ಅಳಿಲು ಗೂಡು, ಕೆಲವು ಸಲ ಜೇನು ಕೂಡ ಇರುತ್ತದೆ. ಮಳೆಗಾಲದಲ್ಲಿ ನೀರು ಇಳಿಯುತ್ತದೆ ಅಂತ ಯಾರೋ ಮೇಲೆ ತಗಡು ಮುಚ್ಚಿ ಮರೆತಿರುವುದೂ ಉಂಟು. ಬೆಂಕಿಯ ಗೂಡಿನ ಮೇಲೆ, ಕೈಗೆ ಎಟಕುವಷ್ಟರಲ್ಲಿ, ಕಬ್ಬಿಣದ ಒಂದು ಮುಚ್ಚಳ ಇರಬಹುದು, ಡ್ಯಾಂಪರ್ ಅಂತಾರೆ. ತುಕ್ಕು ಹಿಡಿದು ಮುಚ್ಚಿದ ಹಾಗೇ ಕೂತಿದ್ದರೆ ಹೊಗೆಗೆ ಬೇರೆ ದಾರಿಯೇ ಇಲ್ಲ, ಅಲ್ವಾ.

ಆಮೇಲೆ ಅಟ್ಟಕ್ಕೆ ಹತ್ತಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನಗೆ ಜಾಸ್ತಿ ಭಯ ಇರುವುದು ಅಲ್ಲೇ. ಹೆಂಚಿನ ಮಾಡಿನ ಮನೆಗಳಲ್ಲಿ ಚಿಮಣಿ ಮರದ ತೊಲೆ, ಪಕಾಸಿಗಳ ಮಧ್ಯದಿಂದಲೇ ಮೇಲೆ ಹೋಗುತ್ತದೆ. ಇಟ್ಟಿಗೆ ಸಂದಿನ ಗಾರೆ ಉದುರಿದ್ದರೆ ಅದೇ ಸಂದಿನಿಂದ ಕಿಡಿ ಹೊರಗೆ ಬಂದು ಮರಕ್ಕೆ ತಗಲುತ್ತದೆ. ಹೊರಮೈ ಮೇಲೆ ಹೊಗೆ ಹಿಡಿದ ಕಪ್ಪು ಗೆರೆ ಕಂಡರೆ ಅಲ್ಲಿ ಬಿರುಕಿದೆ ಅಂತಲೇ ಲೆಕ್ಕ. ಮೇಸ್ತ್ರಿ ಕರೆಸಿ ಗಾರೆ ತುಂಬಿಸಿ.

ಒಳಗಿನ ಮಸಿಯನ್ನೂ ಕೆರೆದು ನೋಡಿ. ಪುಡಿಪುಡಿಯಾಗಿ ಉದುರಿದರೆ ಬ್ರಷ್ ಹಾಕಿ ತೆಗೆಯಬಹುದು. ಟಾರಿನ ಹಾಗೆ ಕಪ್ಪಗೆ ಹೊಳೆಯುತ್ತಾ ಅಂಟಿಕೊಂಡಿದ್ದರೆ ಅದು ಕ್ರಿಯೋಸೋಟ್, ಅಂದರೆ ಹೊಗೆ ತಣಿದು ಗೋಡೆಗೆ ಅಂಟಿದ ಜಿಗುಟು. ಹಸಿ ಸೌದೆ, ಮಂದ ಬೆಂಕಿ, ತಣ್ಣಗಿನ ಚಿಮಣಿ, ಈ ಮೂರೂ ಸೇರಿದರೆ ಅದು ಬೇಗ ಕಟ್ಟುತ್ತದೆ. ಆ ಪದರಕ್ಕೆ ಬೆಂಕಿ ಹತ್ತಿದರೆ ಚಿಮಣಿಯೇ ಒಳಗಿಂದ ಉರಿಯುತ್ತದೆ. 3 ಮಿಲಿಮೀಟರ್ ದಪ್ಪ ಕಟ್ಟಿದ್ದರೂ ತೆಗೆಸಿಯೇ ಹಚ್ಚಬೇಕು.

ಸೀಮೆಎಣ್ಣೆ ಬೇಡವೇ ಬೇಡ. ಬಿಸಿ ಬೂದಿಯ ಮೇಲೆ ಬಿದ್ದರೆ ಅದು ಆವಿಯಾಗಿ ಒಮ್ಮೆಲೇ ಭಗ್ ಅಂತ ಹೊತ್ತಿಕೊಳ್ಳುತ್ತದೆ, ಸುರಿಯುವವರ ಮುಖ ಅದರ ಎದುರಿಗೇ ಇರುತ್ತದೆ. ನೀರೂ ಬೇಡ. ಕಾದ ಕಲ್ಲು ಬಿರುಕು ಬಿಡುತ್ತದೆ, ಬಿಸಿ ಹಬೆ ಮೈಮೇಲೆ ಬರುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಳ್ಳಿ.

ಸೌದೆಕೊಟ್ಟಿಗೆ

ಮೇಲಿನವರು ಚಿಮಣಿ ಬಗ್ಗೆ ಎಲ್ಲ ಹೇಳಿದ್ದಾರೆ, ನಾನು ಸೌದೆ ಬಗ್ಗೆ ಬರೆಯುತ್ತೇನೆ.

ಕೊಡಗಿನ ಮಳೆಗೆ ಸಿಕ್ಕಿದ ಸೌದೆ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಇರುತ್ತದೆ. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಹಸಿ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಚುಯ್ ಅಂದರೂ ಹಸಿ. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಸೀಳಿ, ನೆಲಕ್ಕೆ ತಾಗದ ಹಾಗೆ ಪೇರಿಸಿ, ಮೇಲೆ ಮಾತ್ರ ಮುಚ್ಚಿ, ಪಕ್ಕದಿಂದ ಗಾಳಿ ಆಡುವ ಹಾಗೆ ಒಂದು ವರ್ಷ ಬಿಡಬೇಕು. ಸೀಳದ ದಿಮ್ಮಿ ಬೇಗ ಒಣಗುವುದಿಲ್ಲ.

ತೋಟದಲ್ಲಿ ಸಿಲ್ವರ್ ಓಕ್ ಸಿಗುತ್ತದೆ. ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ ಗಟ್ಟಿ, ನಿಧಾನ ಉರಿದು ಒಳ್ಳೇ ಕೆಂಡ ಬೀಳುತ್ತದೆ, ನನಗೆ ಅದೇ ಇಷ್ಟ. ಬಿದಿರು ಹಾಕಬೇಡಿ, ಗೆಣ್ಣಿನೊಳಗಿನ ಗಾಳಿ ಕಾದು ಪಟಾರ್ ಅಂತ ಒಡೆದು ಕಿಡಿ ಹಾಲ್‌ನ ಮಧ್ಯಕ್ಕೆ ಬರುತ್ತದೆ. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ಕೂಡ ಬೇಡ, ಅದರ ಹೊಗೆ ವಿಷ. ಎದುರಿಗೆ ಒಂದು ಕಬ್ಬಿಣದ ಜಾಲರಿ ಇಡಿ, ಚಾಪೆ, ಪರದೆ, ಕುರ್ಚಿ ಎಲ್ಲ ದೂರ ಸರಿಸಿ.

ಹಚ್ಚುವ ಮೊದಲು ಕಿಟಕಿ ಒಂದು ಚೂರು ತೆರೆಯಿರಿ. ಪೇಪರ್ ಸುರುಳಿ ಹೊತ್ತಿಸಿ, ಕೈ ಚಾಚಿ, ಚಿಮಣಿ ಬಾಯಿಗೆ ಒಂದು ನಿಮಿಷ ಹಿಡಿಯಿರಿ. ಒಳಗಿನ ತಣ್ಣನೆ ಗಾಳಿ ಭಾರ, ಅದು ಕೆಳಗೆ ಕೂತು ಹೊಗೆಯನ್ನು ವಾಪಸ್ ತಳ್ಳುತ್ತದೆ. ಪೇಪರಿನ ಹೊಗೆ ಮೇಲೆ ಹೋಗಲು ಶುರುವಾದ ಮೇಲೆ ಬೆಂಕಿ ಹಾಕಿ. ದಪ್ಪ ತುಂಡು ಕೆಳಗೆ, ಸಣ್ಣವು ಅದರ ಮೇಲೆ, ತೀರಾ ಮೇಲೆ ಪುರುಳೆ, ಅಂದರೆ ಒಣ ಕಡ್ಡಿ. ಮೇಲಿನಿಂದಲೇ ಹಚ್ಚಿ, ಹೊಗೆ ಕಡಿಮೆ ಬರುತ್ತದೆ.

ನರ್ಸಕ್ಕ

ಕೆಂಡದ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಮಲಗುವಾಗ ಹಾಗೇ ಬಿಡಬೇಡಿ. ಹೊಗೆ ಇಲ್ಲದ ಕೆಂಡ ಅಂದರೆ ಅಪಾಯ ಇಲ್ಲ ಅಂತ ಜನ ತಿಳಿಯುತ್ತಾರೆ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಕೂತುಬಿಡುತ್ತದೆ. ಮೊದಲು ತಲೆನೋವು, ತಲೆ ಸುತ್ತು, ವಾಕರಿಕೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂತು ಅಂದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ. ಮಲಗಿದ್ದವರಿಗೆ ಎಚ್ಚರವೇ ಆಗದೇ ಹೋಗಬಹುದು.

ಬಾಣಂತಿ ಕೋಣೆಯ ಬಾಗಿಲು ಕಿಟಕಿ ಹಾಕಿ ಅಗ್ಗಿಷ್ಟಿಕೆ ಇಡುವ ಮನೆಗಳು ಇನ್ನೂ ಇವೆ. ದಯವಿಟ್ಟು ಅದನ್ನೂ ನಿಲ್ಲಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗುತ್ತದೆ, ಅಮ್ಮ ಮಲಗುವ ಕೋಣೆ ಹತ್ತಿರ ಒಂದು ಹಾಕಿ.

ಮಿನೆಸೋಟದಿಂದ

ನಮ್ಮಲ್ಲಿ, ಅಮೆರಿಕದ ಈ ಚಳಿ ರಾಜ್ಯದಲ್ಲಿ, ಚಳಿಗಾಲಕ್ಕೆ ಮೊದಲು ಚಿಮಣಿ ತೋರಿಸುವುದು ವರ್ಷದ ಕೆಲಸ. ಎರಡು ವಿಷಯ ಸೇರಿಸುತ್ತೇನೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಚಿಮಣಿಯ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ, ಮೊನ್ನೆ ಅದು ಆನ್ ಇತ್ತಾ ನೋಡಿ. ಬೆಂಕಿ ಸಣ್ಣದಾಯಿತು ಅಂತ ಡ್ಯಾಂಪರ್ ಮುಚ್ಚಬೇಡಿ, ಬೂದಿ ಪೂರ್ತಿ ತಣ್ಣಗಾಗಬೇಕು. ಬೂದಿಯೊಳಗಿನ ಕೆಂಡ ಕೆಲವು ದಿನ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಕಬ್ಬಿಣದ ಡಬ್ಬಕ್ಕೆ ತುಂಬಿ, ಹೊರಗೆ ಕಲ್ಲಿನ ಮೇಲಿಡಿ. ತರಗೆಲೆ ಇರುವ ಗೊಬ್ಬರದ ಗುಂಡಿಗೆ ನೇರವಾಗಿ ಹಾಕಬೇಡಿ.

ಮಂಜುಬೆಟ್ಟ

ಕನ್ನಡಿ ಹಿಡಿದು ನೋಡಿದೆ, ಆಕಾಶ ಕಾಣಲಿಲ್ಲ. ಕೆಲಸದವರನ್ನು ಹತ್ತಿಸಿದರೆ ಮೇಲೆ ತಗಡು, ಅದರ ಕೆಳಗೆ ಒಣ ಹುಲ್ಲಿನ ಗೂಡು, ಖಾಲಿ. ಫ್ಯಾನ್ ಕೂಡ ಓಡುತ್ತಿತ್ತು. ಅಟ್ಟದಲ್ಲಿ ಒಂದು ಕಡೆ ಗಾರೆ ಉದುರಿದೆ, ಸೋಮವಾರ ಮೇಸ್ತ್ರಿ ಬರುತ್ತಾರೆ. ತಗಡು ತೆಗೆದರೆ ಮಳೆ ಒಳಗೆ ಬರುತ್ತದಲ್ಲ, ಅದಕ್ಕೇನು ಮಾಡೋದು?

ಏಲಕ್ಕಿಮಲೆ

ನಾಲ್ಕು ಮೂಲೆಗೆ ಇಟ್ಟಿಗೆ ಕಟ್ಟಿ ಅದರ ಮೇಲೆ ಕಲ್ಲು ಚಪ್ಪಡಿ ಕೂರಿಸಲಿ, ಸುತ್ತ ಬಾಯಿ ತೆರೆದಿರಬೇಕು. ಆ ತೆರೆದ ಕಡೆಗೆ ದಪ್ಪ ತಂತಿಯ ಜಾಲರಿ. ಕಣ್ಣು ತೀರಾ ಸಣ್ಣದಾದರೆ ಮಸಿ ಕಟ್ಟಿ ಮುಚ್ಚುತ್ತದೆ, ಅರ್ಧ ಇಂಚಿನದು ಹಾಕಿಸಿ.